ಸೂಜ್ ಬಂದವರಿಗೆ ಸೂಜಿ ಇಲ್ಲ

ನನ್ನ ನೌಕರಿಯ ಮೊದಲ ಜಗಳ ಯಾವ ರೋಗದ ಜೊತೆಗೂ ಆಗಲಿಲ್ಲ. ತುರೋರಿ ಎಂಬ ಊರಿನ ಒಬ್ಬ ಸೋಡಾ ಅಂಗಡಿಯವನ ಜೊತೆ ಆಯಿತು.

ಪೋಲೀಸ್ ಆಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ಕ್ಷಯ ಬಾರದಂತೆ ಕೊಡುವ ಬಿಸಿಜಿ ಲಸಿಕೆ ನಮ್ಮ ಭಾಗಕ್ಕೆ ಹೊಸದಾಗಿ ಬಂದಿತ್ತು. ಬೀದರಿನ ಕನ್ನಡ ಮನೆಯವಳಾದ ನಾನು ಹೈದರಾಬಾದಿನಲ್ಲಿ ನರ್ಸಿಂಗ್ ಕಲಿತು ಆ ಲಸಿಕೆಯ ತಂಡಕ್ಕೆ ಸೇರಿದ್ದೆ. ತಂಡವೆಂದರೆ ದೊಡ್ಡದೇನಲ್ಲ. ಡಾಕ್ಟರ್ ಖಾದರ್ ಸಾಹೇಬರು, ನಾನು, ಒಂದು ಜೀಪು, ಅದನ್ನು ಓಡಿಸುವ, ಹೆಚ್ಚಾಗಿ ನಮ್ಮಿಂದ ದೂಡಿಸುವ ಮಾಣಿಕ. ಹೆಂಗಸರು ಪರಗಂಡಸಿನ ಮುಂದೆ ತೋಳು ಬಿಚ್ಚುವುದಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನನ್ನು ಆರಿಸಿದ್ದರು. ಬೇರೆ ಯಾವ ಗುಣವನ್ನೂ ಯಾರೂ ವಿಚಾರಿಸಲಿಲ್ಲ.

ಲಸಿಕೆ ಸೆಖೆಗೆ ಕೆಡುತ್ತದೆ. ಈಗ ಈ ಕೆಲಸಕ್ಕೆ ಬರುವ ನಿಮ್ಮಂಥ ಹುಡುಗಿಯರಿಗೆ ಫ್ರಿಜ್ ಇದೆ; ನಮಗೆ ಇದ್ದದ್ದು ಸೋಲಾಪುರದಿಂದ ಬಸ್ಸಿನ ಮೇಲೆ ಮರದ ಹೊಟ್ಟಿನಲ್ಲಿ ಮುಚ್ಚಿಕೊಂಡು ಬರುವ ಮಂಜುಗಡ್ಡೆ. ಬಸ್ಸಿನವರು ಅದನ್ನು ತುರೋರಿಯ ಸೋಡಾ ಅಂಗಡಿಯಲ್ಲಿ ಇಳಿಸಿ ಹೋಗುತ್ತಿದ್ದರು. ನಾವು ಬಿಡಾರ ಹೂಡಿದ್ದ ಉಮರ್ಗಾದಿಂದ ಹೋಗಿ ತರಬೇಕು. ಒಂದು ದಿನ ಹೋದರೆ ಗಡ್ಡೆ ಅರ್ಧವೇ ಇದೆ. ಅಂಗಡಿಯ ಮುಂದೆ ಲಾರಿಯವರು ಸಾಲಾಗಿ ಕೂತು ತಣ್ಣನೆಯ ಸೋಡಾ ಕುಡಿಯುತ್ತಿದ್ದಾರೆ. ಆ ಬೇಸಿಗೆಯಲ್ಲಿ ತುರೋರಿಯಂಥ ಊರಲ್ಲಿ ತಣ್ಣನೆಯ ಸೋಡಾ!

ನಾನು ಕೂಗಾಡಿದೆ. ಅಂಗಡಿಯವನಿಗೆ ಕಿಂಚಿತ್ತೂ ನಾಚಿಕೆಯಿಲ್ಲ.

"ನರ್ಸ್ ಬಾಯಾರ, ಅದು ಹೆಂಗಿದ್ರೂ ಕರಗೂದೇ ಅದಲ್ರಿ. ಗೋಣಿಚೀಲದಾಗ ಕರಗೂದಕ್ಕಿಂತ ಮಂದಿ ಹೊಟ್ಟ್ಯಾಗ ಕರಗಿದ್ರ ಸರಕಾರಕ್ಕ ಪುಣ್ಯ ಬರ್ತದ."

ಖಾದರ್ ಸಾಹೇಬರು ಹೈದರಾಬಾದಿನ ಹಳೆಯ ಮನೆತನದವರು. ಸಿಟ್ಟು ಬಂದಷ್ಟೂ ಅವರ ಮಾತು ಮೃದುವಾಗುತ್ತಿತ್ತು. ಅವರು ಬೆಂಚಿನ ಮೇಲೆ ಕೂತು, "ಭಾಯೀ, ಈ ಬರಫ್ ಒಳಗ ಮಕ್ಕಳ ಜಾನ್ ಅದ. ನಿಮಗ ಮಕ್ಕಳು ಇದ್ದಾರ?" ಎಂದು ಮುರುಕು ಕನ್ನಡದಲ್ಲಿ ಕೇಳಿದರು. ಇದ್ದರು. "ಹಾಗಾದ್ರ ಇವತ್ತಿನಿಂದ ಬರಫಿಗೆ ನೀವೇ ಪಹರೆದಾರ್" ಎಂದರು. ಮರುದಿನದಿಂದ ಆ ಮನುಷ್ಯ ಗಡ್ಡೆಯನ್ನು ಕಂಬಳಿಯಲ್ಲಿ ಸುತ್ತಿ, ಅದರ ಮೇಲೆ ತಾನೇ ಕೂತು ಕಾದ. ಯಾರಾದರೂ ಒಂದು ಚೂರು ಕೇಳಿದರೆ ಹೊಡೆಯಲು ಹೋಗುತ್ತಿದ್ದನಂತೆ. ನಾನು ನರ್ಸಿಂಗ್ ಶಾಲೆಯಲ್ಲಿ ಕಲಿಯದ್ದನ್ನು ಆ ದಿನ ಕಲಿತೆ.

ಇನ್ನು ನಮ್ಮ ಕೆಲಸದ ರೀತಿಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈಗ ಹುಟ್ಟಿದ ಕೂಸಿಗೆ ನೇರವಾಗಿ ಲಸಿಕೆ ಚುಚ್ಚುತ್ತೀರಿ. ಆಗ ಹಾಗಲ್ಲ. ಮೊದಲು ಮುಂಗೈ ಮೇಲೆ ಪರೀಕ್ಷೆಯ ಒಂದು ಸಣ್ಣ ಸೂಜಿ. ಮೂರನೆಯ ದಿನ ಮತ್ತೆ ಆ ಊರಿಗೆ ಹೋಗಿ ನೋಡಬೇಕು. ಚುಚ್ಚಿದ ಜಾಗ ಬಾತಿದ್ದರೆ, ಕ್ಷಯದ ಕ್ರಿಮಿ ಆ ಮೈಗೆ ಎಂದೋ ಒಮ್ಮೆ ಪರಿಚಯವಾಗಿದೆ ಎಂದರ್ಥ, ರೋಗವಿದೆ ಎಂದಲ್ಲ. ಅಂಥವರಿಗೆ ಲಸಿಕೆ ಬೇಡ. ಬಾತಿಲ್ಲದವರಿಗೆ ಲಸಿಕೆ. ಬಾವನ್ನು ನಾನು ಅಳತೆಪಟ್ಟಿ ಇಟ್ಟು ಅಳೆದು ಕೂಗಬೇಕು, ಡಾಕ್ಟರು ತೀರ್ಪು ಕೊಡಬೇಕು. ಕಾಗದದ ಮೇಲೆ ಬಹಳ ಸರಳ. ಆದರೆ ಕಾಗದಕ್ಕೆ ನೆಂಟರಿಷ್ಟರಿಲ್ಲ, ಮೂರನೆಯ ದಿನ ಅದು ಬೇರೆ ಊರಿಗೆ ಹೋಗುವುದೂ ಇಲ್ಲ.

ಬೀರಪ್ಪ ದೇವರ ಒಕ್ಕಲಿನ ಕುರುಬರು ಹಾಗೆ ಹೋದರು. ತುರೋರಿಯ ಆಚೆ ಅವರ ಹಟ್ಟಿ ಇಳಿದಿತ್ತು. ಪರೀಕ್ಷೆಯ ಸೂಜಿಗೆ ಎಲ್ಲರೂ ಕೈ ಕೊಟ್ಟರು. ಮೂರನೆಯ ದಿನ ಹೋದರೆ ಬಯಲಲ್ಲಿ ಕುರಿ ಹಿಕ್ಕೆ ಬಿಟ್ಟು ಏನೂ ಇಲ್ಲ. ಹಿಕ್ಕೆಯ ಜಾಡು ಹಿಡಿದೇ ಜೀಪು ಹೊಡೆದು, ಎರಡು ಸಲ ದೂಡಿ, ಒಂದು ಹಳ್ಳದ ದಂಡೆಯಲ್ಲಿ ಅವರನ್ನು ಹಿಡಿದೆವು. ಎಲ್ಲರ ಕೈಯೂ ಹಳದಿ. ಬೇನೆ ಆಗಬಾರದೆಂದು ದೇವರ ಭಂಡಾರ ಮೆತ್ತಿದ್ದರು. ಕೆಂಪಾಗಿದೆಯೋ ಇಲ್ಲವೋ ಕಾಣುವಂತಿಲ್ಲ. ನಾನು ಕಣ್ಣು ಮುಚ್ಚಿ ಬೆರಳಿನಿಂದ ತಡವಿ ಬಾವು ಹುಡುಕಿದೆ. ಅವರಲ್ಲಿ ಬಹುತೇಕ ಯಾರಿಗೂ ಇರಲಿಲ್ಲ. ಬಯಲಲ್ಲಿ ಮಲಗುವ ಮಂದಿ. ಆ ಕ್ರಿಮಿ ಅವರ ದಾರಿಗೆ ಬಂದಿರಲಿಲ್ಲ.

ಲಸಿಕೆಗೆ ಕೈ ಚಾಚಿ ಅಂದಾಗ ಹಿರಿಯ ಮಾಳಪ್ಪ ತಡೆದ. "ಮೊದಲ ನಮ್ಮ ಟಗರಿಗಿ ಹಾಕ್ರಿ. ಹಿಂಡಿಗಿ ಮುಂದ ನಡಿಯಾಂವ ಅಂವ. ಅಂವಗ ಬಿಟ್ಟು ನಮಗ ಹೆಂಗ್ ಹಾಕ್ತೀರಿ?"

ಮಾಣಿಕ ಕಿಸಕ್ಕನೆ ನಕ್ಕ. ಮಾಳಪ್ಪನ ಮುಖ ಗಂಟಾಯಿತು. ಚಾಚಿದ ಕೈಗಳೆಲ್ಲ ಕಂಬಳಿಯೊಳಗೆ ಹೋದವು. ಖಾದರ್ ಸಾಹೇಬರು ನಗಲಿಲ್ಲ. ಸ್ಟೆಥಾಸ್ಕೋಪ್ ಕಿವಿಗೆ ಹಾಕಿಕೊಂಡು ಟಗರಿನ ಎದೆಗೆ ಇಟ್ಟರು. ಅದು ಅವರ ಟೋಪಿಯನ್ನು ಮೂಸಿತು. ಬಹಳ ಹೊತ್ತು ಆಲಿಸಿ, "ಬಿಲ್ಕುಲ್ ತಂದುರುಸ್ತ್, ಗಟ್ಟಿ ಇದ್ದಾರ. ಇವರಿಗಿ ಜರೂರತ್ ಇಲ್ಲ" ಎಂದರು. ಮಾಳಪ್ಪ ಹಿಗ್ಗಿ, "ನನಗ ಗೊತ್ತಿತ್ತ್ರಿ!" ಎಂದು ಎಲ್ಲರಿಗಿಂತ ಮೊದಲು ತಾನೇ ತೋಳು ಕೊಟ್ಟ. ಹುಡುಗಿಯರೇ, ಟಗರಿನ ವಿಷಯಕ್ಕೆ ಎಂದೂ ನಗಬೇಡಿ.

ಆಮೇಲೆ ರಾಜ್ಯ ಬದಲಾಯಿತು. ಹೈದರಾಬಾದ್ ಒಡೆದು ನಾವು ಕೆಲಸ ಮಾಡುವ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಕಚೇರಿಯ ಉರ್ದು ಹೋಗಿ ಮರಾಠಿ ಬಂತು. ಅಷ್ಟು ವರ್ಷ ಉರ್ದುವಿನಲ್ಲಿ ಕೆಮ್ಮಿದವರು ಇನ್ನು ಮರಾಠಿಯಲ್ಲಿ ಕೆಮ್ಮಬೇಕಾಯಿತು ಎಂದು ಖಾದರ್ ಸಾಹೇಬರೇ ಹೇಳುತ್ತಿದ್ದರು. ಅವರು ಹಟ ಹಿಡಿದು ಮರಾಠಿ ಕಲಿತರು. ಕಲಿತದ್ದನ್ನು ಕನ್ನಡದವರೂ ಮರಾಠಿಯವರೂ ಇರುವ ಕಾಸಾರಶಿರಸಿಯ ಸಂತೆ ಬಯಲಿನಲ್ಲಿ ಪ್ರಯೋಗಿಸಿದರು. ಅಲ್ಲಿಂದ ನನ್ನ ಕಥೆ ಶುರು.

ಮರಾಠಿಯಲ್ಲಿ ಬಾವು ಎನ್ನುವುದಕ್ಕೆ 'ಸೂಜ್' ಅನ್ನುತ್ತಾರೆ, ಸೂಜಿಗೆ 'ಸುಯಿ'. ಮೂರನೆಯ ದಿನ, ಊರೆಲ್ಲ ನೆರೆದಾಗ, ಸಾಹೇಬರು ಕುರ್ಚಿ ಹತ್ತಿ ಗಟ್ಟಿಯಾಗಿ ಸಾರಿದರು: "ಜ್ಯಾಲಾ ಸೂಜ್ ಆಲೀ, ತ್ಯಾಲಾ ಸುಯಿ ನಾಹೀ!"

ಮರಾಠಿಯವರಿಗೆ ಅರ್ಥವಾಯಿತು: ಬಾವು ಬಂದವರಿಗೆ ಸೂಜಿ ಇಲ್ಲ. ಕನ್ನಡದವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಕೇಳಿಯೇ ಬಿಟ್ಟ: "ಸೂಜಿ ಬಂದವರಿಗಿ ಸೂಜಿ ಇಲ್ಲಂತ. ಮತ್ತ ಸೂಜಿ ಬರಲಾರದವರಿಗಿ ಸೂಜಿ ಎಲ್ಲಿಂದ ಬರ್ತದ್ರಿ?"

ನಾನು ಬಿಡಿಸಿ ಹೇಳುವುದರೊಳಗೆ ಸಾಲು ಮುರಿದು ಸಂತೆಯೇ ಆಯಿತು. ಅಂತೂ ಅಳತೆ ಶುರು ಮಾಡಿದೆ. ಆಗ ಇನ್ನೊಂದು ಪೀಕಲಾಟ. ನಾನು ಅಳೆದು ಕೂಗಿದ ಹಾಗೆಲ್ಲ ಮಂದಿ ಅದನ್ನು ಪಂದ್ಯ ಮಾಡಿಕೊಂಡರು. ದೊಡ್ಡ ಬಾವಿನವನಿಗೆ ಸೀಟಿ, ಚಪ್ಪಾಳೆ. ಗೆದ್ದವನು ಎದೆ ಉಬ್ಬಿಸಿ ಲಸಿಕೆಗೆ ತೋಳು ಮುಂದೆ ಮಾಡಿದರೆ, ಸಾಹೇಬರು "ನಾಹೀ" ಎಂದು ಕಳಿಸುತ್ತಿದ್ದರು. ಏನೂ ಬಾರದ ಬಡಕಲನಿಗೆ ಸರಕಾರದ ಸೂಜಿ.

ಊರಿನ ಶರಣಪ್ಪ ಪಾಟೀಲರಿಗೆ ಬಾವು ಬಂದಿತ್ತು. ಅವರ ತಾಯಿ ಗೌರಮ್ಮ ಆಯಿಗೂ ಬಂದಿತ್ತು. ಮಗಳು ಮಹಾನಂದಾಳಿಗಂತೂ ಎದ್ದು ಕಾಣುವಂತೆ ಬಂದಿತ್ತು. ಮೂವರಿಗೂ ಸೂಜಿ ಇಲ್ಲ. ಪಾಟೀಲರು ಕೆರಳಿದರು.

"ಕುರಿ ಕಾಯೋರಿಗಿ ಕೊಟ್ಟೀರಿ, ನಮ್ಮ ಆಳಿಗಿ ಕೊಟ್ಟೀರಿ. ಹೊಲಕ್ಕ ಶೇತಸಾರಾ ಕಂದಾಯ ಕಟ್ಟೋ ಪಾಟೀಲಗ ಇಲ್ಲ? ಇದ್ಯಾವ ಕಾಯ್ದಾ?"

"ನಿಮಗ ಬೇಕಾಗಿಲ್ಲರಿ, ನಿಮ್ಮ ಮೈಯಾಗ ಆಗಲೇ ರೋಗ ತಡಿಯೂ ಜೋರ ಅದ" ಎಂದು ನಾನು ಸಮಾಧಾನ ಮಾಡಿದೆ. ಅವರಿಗೆ ಸಮಾಧಾನವಾಯಿತು. ಆದರೆ ಊರಿಗೆ ಆಗಲಿಲ್ಲ. ಸರಕಾರ ಪುಕ್ಕಟೆ ಕೊಡುವುದನ್ನು ಒಬ್ಬ ಪಾಟೀಲನಿಗೆ ಇಲ್ಲವೆಂದರೆ ಏನೋ ಕಾರಣ ಇರಲೇಬೇಕು. ಸಂತೆ ಮುಗಿಯುವುದರೊಳಗೆ ಕಾರಣವೂ ಸಿಕ್ಕಿತು: ಸೂಜ್ ಬಂದವರಿಗೆ ಒಳಗೆ ಕ್ಷಯ ಹಿಡಿದಾಗಿದೆ, ಕೈ ಮೀರಿದ ಕೇಸಿಗೆ ಔಷಧ ಯಾಕೆ ದಂಡ ಎಂದು ಡಾಕ್ಟರು ಬಿಟ್ಟಿದ್ದಾರೆ.

ಮಹಾನಂದಾಳ ಮದುವೆ ನಿಲಂಗಾದ ವೀರಭದ್ರಪ್ಪ ಎಂಬ ಕಾಳಿನ ವ್ಯಾಪಾರಿಯ ಮಗನೊಡನೆ ನಿಶ್ಚಯವಾಗಿತ್ತು. ಸುದ್ದಿ ಬಸ್ಸು ಹತ್ತಿ ನಿಲಂಗಾಕ್ಕೆ ಹೋಯಿತು. ಬಸ್ಸು ತಿರುಗಿ ಬರುವಾಗ ವೀರಭದ್ರಪ್ಪನ ಮಾತು ತಂದಿತು: ಈ ಸಂಬಂಧ ಬೇಡ.

ನಾವು ಮುಂದಿನ ಊರಿನ ಕೆಲಸದಲ್ಲಿದ್ದಾಗ ಗೌರಮ್ಮ ಆಯಿ ಎತ್ತಿನ ಬಂಡಿಯಲ್ಲಿ ಬಂದಿಳಿದರು. ಸಣ್ಣ ದೇಹ, ದೊಡ್ಡ ವಿಭೂತಿ, ಅದಕ್ಕಿಂತ ದೊಡ್ಡ ಧ್ವನಿ. ನನ್ನ ಮುಂದೆ ನಿಂತು ಅವರು ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಪೋರಿ ಉಣ್ಣಲ್ದಾಗ್ಯಾಳ. ಕಣ್ಣಾಗ ನೀರ್ ಭೀ ತರಂಗಿಲ್ಲ. ಸುಮ್ಮ ಕೈ ನೋಡ್ಕೋತ ಕೂತಾಳ. ನೀ ಪಟ್ಟಿ ಹಚ್ಚಿ ಅಳದಿ, ನೀನೇ ಇದನ್ನ ಅಳಸು."

ಸಾಹೇಬರು ಆ ರಾತ್ರಿ ಊಟ ಮಾಡಲಿಲ್ಲ. ಲಸಿಕೆಯಿಂದ ಜ್ವರ ಬಂದರೆ ಗುಳಿಗೆ ಇತ್ತು. ಮದುವೆ ಮುರಿದರೆ ಕೊಡುವುದಕ್ಕೆ ನಮ್ಮ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ನಾನು ವೀರಭದ್ರಪ್ಪನಿಗೆ ತಿಳಿ ಹೇಳಲು ಹೋಗೋಣ ಅಂದೆ. "ಮಾತಿನಿಂದ ಹಾಳಾದದ್ದು ಮಾತಿನಿಂದ ಸರಿ ಆಗೂದಿಲ್ಲ ಸಿಸ್ಟರ್. ನಿಲಂಗಾ ಕ್ಯಾಂಪ್ ಮೊದಲು ಮಾಡೋಣ" ಎಂದರು.

ನಿಲಂಗಾದಲ್ಲಿ ಶಾಲೆಯ ಅಂಗಳದಲ್ಲಿ ಮೇಜು ಹಾಕಿದೆವು. ದೊಡ್ಡ ಮನೆಗಳವರು ಮೊದಲು ಬಂದು ಮಾದರಿ ತೋರಿಸಬೇಕೆಂದು ಊರ ಹಿರಿಯರು ಒತ್ತಾಯ ಮಾಡಿದ್ದರಿಂದ ವೀರಭದ್ರಪ್ಪನ ಹೆಂಡತಿ ಕಮಳಾಬಾಯಿ, ಮಗ, ಮನೆ ಮಂದಿಯೆಲ್ಲ ಪರೀಕ್ಷೆಗೆ ಕೈ ಕೊಟ್ಟರು. ವೀರಭದ್ರಪ್ಪ ಮಾತ್ರ, "ನನಗೇನ್ ಧಾಡಿ?" ಎಂದು ದೂರ ಉಳಿದ.

ಮೂರನೆಯ ದಿನ ನಾನು ಅಳತೆಪಟ್ಟಿ ತೆಗೆಯುವ ಮೊದಲೇ ಗೌರಮ್ಮ ಆಯಿ ಬಸ್ಸಿನಿಂದ ಇಳಿದು ಬಂದು ಮೇಜಿನ ಪಕ್ಕದಲ್ಲಿ ನಿಂತಿದ್ದರು. ಯಾರು ಕರೆದರೋ ಶಿವನೇ ಬಲ್ಲ. ಸಾಹೇಬರು ಮಾತ್ರ ಆಕಾಶ ನೋಡುತ್ತಿದ್ದರು. ನಾನು ಈ ಸಲ ಕೂಗದೆ, ಸಾಹೇಬರ ಕಿವಿಯಲ್ಲಿ ಹೇಳುವುದೆಂದು ನಿಶ್ಚಯಿಸಿದ್ದೆ. ಆದರೆ ಆಯಿಯ ಕಣ್ಣಿಗೆ ಅಳತೆಪಟ್ಟಿ ಬೇಕಿರಲಿಲ್ಲ. ಕಮಳಾಬಾಯಿ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಬಂದರು. ಸೆರಗು ಸರಿಸಿದ್ದೇ ತಡ, ಆಯಿಯ ಧ್ವನಿ ಶಾಲೆಯ ಹಂಚಿಗೆ ಬಡಿಯಿತು.

"ಅಯ್ಯ ಬೀಗತಿ! ಕೈ ಮ್ಯಾಲ ಏನದು, ಬಾರಿಹಣ್ಣ ಇಟ್ಕೊಂಡ್ ಬಂದೀರೇನ?"

ಕಮಳಾಬಾಯಿ ಕೆಂಪಗಾದರು. ಹಿಂದೆಯೇ ಮಗ ಬಂದ. ಅವನಿಗೂ ಅಷ್ಟೇ. ಅವನ ಅಕ್ಕನಿಗೂ. ಸಾಲಿನಿಂದ ಮೆಲ್ಲಗೆ ಜಾರಿದ ಅವನ ಸೋದರಮಾವನನ್ನು ಆಯಿಯೇ ರಟ್ಟೆ ಹಿಡಿದು ತಂದರು. ಅವನಿಗೂ ಬಂದಿತ್ತು.

"ನಮ್ಮ ಪೋರಿಗಿ ಒಂದ ಸೂಜ್. ನಿಮ್ಮ ಮನ್ಯಾಗ ಸೂಜಿನ ತ್ವಾಟಾನೇ ಅದ. ಈಗ ಯಾರು ಯಾರಿಗಿ ಬ್ಯಾಡ ಅನ್ನೂದು?"

ಕೂಗು ಕೇಳಿ ವೀರಭದ್ರಪ್ಪ ಓಡಿ ಬಂದ. ಎರಡೂ ಕಡೆಯ ಮಾತು ಏರಿತು. ಇನ್ನೇನು ಮೇಜು ಉರುಳಬೇಕು, ಆಗ ಖಾದರ್ ಸಾಹೇಬರು ಕೋಟು ಕಳಚಿ, ಅಂಗಿಯ ತೋಳು ಮಡಚಿ, ತಮ್ಮ ಮುಂಗೈಯನ್ನು ಎಲ್ಲರಿಗೂ ತೋರಿಸಿದರು. ಮೊದಲ ದಿನವೇ ಪರೀಕ್ಷೆಯ ಸೂಜಿಯನ್ನು ತಾವೂ ಚುಚ್ಚಿಕೊಂಡಿದ್ದರು. ಅದು ಎಲ್ಲರಿಗಿಂತ ದೊಡ್ಡದಾಗಿ ಬಾತಿತ್ತು.

"ನನಗೂ ಸೂಜ್. ಸಿಸ್ಟರಿಗೂ ಸೂಜ್."

ಆಯಿ ಹತ್ತಿರ ಹೋಗಿ ಆ ಕೈಯನ್ನು ತಿರುವಿ ಮುರುವಿ ನೋಡಿದರು. ಆಮೇಲೆ ಗಂಭೀರವಾಗಿ ಕೇಳಿದರು: "ಆದ್ರೂ ನಿಮಗ ಹೆಣ್ಣ ಕೊಟ್ಟಾರಿಲ್ಲೊ?"

"ಕೊಟ್ಟಾರ ಅಮ್ಮಾ, ಕೊಟ್ಟಾರ" ಎಂದರು ಸಾಹೇಬರು, ಹೊಸ ಮದುಮಗನ ಹಾಗೆ ನಾಚಿ. ಇಡೀ ಸಾಲು ನಕ್ಕಿತು. ಆ ನಗುವಿನಲ್ಲೇ ನಾನು ನನ್ನ ಮಾತು ತೂರಿಸಿದೆ.

"ನೋಡ್ರಿ, ಕಳ್ಳ ಯಾವಾಗೋ ಒಮ್ಮಿ ಓಣ್ಯಾಗ ಹಾದು ಹೋಗ್ಯಾನ. ಮನಿ ನಾಯಿ ಅಂವನ ವಾಸನಿ ಹಿಡದದ. ನಾವು ಚುಚ್ಚಿದಾಗ ಅದೇ ವಾಸನಿ ಬಂದು ಬೊಗಳ್ಯದ. ಸೂಜ್ ಅಂದ್ರ ನಾಯಿ ಬೊಗಳಿದ್ದು, ಅಷ್ಟ. ಮನಿ ಲೂಟಿ ಆಗ್ಯದ ಅಂತ ಅಲ್ಲ. ನಾಯಿ ಇಲ್ಲದ ಮನಿಗಿ ನಾವು ನಾಯಿ ಕೊಡ್ತೀವಿ, ಅದೇ ಲಸಿಕಿ."

ಮುಂದೆ ಎಷ್ಟೋ ಊರಲ್ಲಿ ನಾನು ಈ ಮಾತು ಹೇಳಿದ್ದೇನೆ. ಆ ದಿನ ಅದನ್ನು ಮೊದಲ ಸಲ ಹೇಳಿದಾಗ ವೀರಭದ್ರಪ್ಪ ಬಾಯಿ ತೆರೆದದ್ದು ವಾದಿಸುವುದಕ್ಕೆ; ಹೊರಬಂದದ್ದು ಕೆಮ್ಮು. ನಿಲ್ಲದ ಕೆಮ್ಮು. ಮಂದಿ ನಗುತ್ತಲೇ ಇದ್ದರು. ಸಾಹೇಬರ ನಗು ಮಾತ್ರ ನಿಂತುಹೋಯಿತು. ಅವರು ತಲೆ ಓರೆ ಮಾಡಿ, ಟಗರಿನ ಎದೆ ಕೇಳಿದ ಹಾಗೆ, ಆ ಕೆಮ್ಮು ಕೇಳಿದರು.

"ಎಷ್ಟು ದಿನದ್ದು?"

"ಕಾಳಿನ ಧೂಳ್ರಿ ಸಾಹೇಬರ. ವ್ಯಾಪಾರದಾಗ ಇದ್ದದ್ದೇ."

ಸಾಹೇಬರು ಅವನನ್ನು ಶಾಲೆಯ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಅವನ ಕಫವನ್ನು ಉದಗೀರದ ದವಾಖಾನೆಗೆ ಕಳಿಸಿದೆವು. ಅಲ್ಲಿಯ ಸೂಕ್ಷ್ಮದರ್ಶಕ ಯಾರ ಮುಲಾಜೂ ಇಲ್ಲದೆ ಹೇಳಿತು: ಕಾಳಿನ ಧೂಳಲ್ಲ, ಕ್ಷಯ.

ಸುದ್ದಿ ಕೇಳಿ ಆ ದಢೂತಿ ಮನುಷ್ಯ ಮಗುವಿನಂತೆ ಅತ್ತ. ಸಾವಿಗಲ್ಲ, ಮಂದಿಗೆ ಹೆದರಿ. ಆಗ ಕ್ಷಯವೆಂದರೆ ಮನೆ ಬಿಟ್ಟು ದೂರದ ಸ್ಯಾನಟೋರಿಯಮ್ಮಿಗೆ ಹೋಗಬೇಕು; ಅಲ್ಲಿ ಹಾಸಿಗೆ ಖಾಲಿಯಿಲ್ಲ; ಖಾಲಿಯಾಗುವುದು ಯಾವ ಕಾರಣಕ್ಕೆ ಎಂದು ಎಲ್ಲರಿಗೂ ಗೊತ್ತು. ಆದರೆ ಹೊಸ ಗುಳಿಗೆಗಳು ಬಂದಿದ್ದವು. ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡು ಗುಳಿಗೆ ಕೊಟ್ಟರೂ ಗುಣವಾಗಬಹುದು ಎಂದು ಮದ್ರಾಸಿನ ಕಡೆ ಪ್ರಯೋಗ ನಡೆದಿದೆಯೆಂದು ಸಾಹೇಬರು ಓದಿದ್ದರು. ಮೇಲಿನವರಿಗೆ ಇನ್ನೂ ನಂಬಿಕೆ ಇರಲಿಲ್ಲ. ಸಾಹೇಬರು ಕಾಡಿ ಬೇಡಿ ಗುಳಿಗೆ ತರಿಸಿದರು.

ವೀರಭದ್ರಪ್ಪ ಬೇಕಾದರೆ ಮುಚ್ಚಿಡಬಹುದಿತ್ತು. ಅಂಗಳದ ಜಗಳ ನಗುವಾದ ಮೇಲೆ ಮದುವೆ ಮತ್ತೆ ಕುದುರಿತ್ತು. ಆದರೆ ಅವನು ನಮ್ಮ ಜೀಪಿನಲ್ಲೇ ಕಾಸಾರಶಿರಸಿಗೆ ಬಂದ. ಪಾಟೀಲರ ಹೊಸ್ತಿಲು ದಾಟದೆ, ಅಂಗಳದಲ್ಲೇ ನಿಂತು ಹೇಳಿದ: "ನಿಮ್ಮ ಮಗಳಿಗಿ ಇಲ್ಲದ ರೋಗ ಹಚ್ಚಿ ಬ್ಯಾಡಂದೆ. ಅದು ನನಗೇ ಅದ. ಈಗ ಬ್ಯಾಡನ್ನೂ ಪಾಳಿ ನಿಮ್ದು."

ಪಾಟೀಲರು ತಾಯಿಯ ಮುಖ ನೋಡಿದರು. ಬಾಗಿಲ ಮರೆಯಿಂದ ಮಹಾನಂದಾ ನನ್ನನ್ನು ಕರೆದಳು. ಅವಳ ಮಾತನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

"ಗುಳಿಗಿ ತಪ್ಪಿಸಿದ್ರ ಏನಾಗ್ತದ್ರಿ?"

"ರೋಗ ತಿರುಗಿ ಬರ್ತದವ್ವ. ಆರಾಮ ಅನಸಿದ್ರೂ ಬಿಡಬಾರದು. ವರ್ಷದ ಮ್ಯಾಲ ನಡೀತದ."

"ಅತ್ತಿಯವರು ಮಾವಾರಿಗಿ ಅಂಜತಾರಂತ ಕೇಳೀನಿ" ಎಂದಳು ಹುಡುಗಿ. "ನಾ ಅಂಜಂಗಿಲ್ಲ. ಗುಳಿಗಿ ನಾ ಕೊಡ್ತೀನಿ."

ಸಾಹೇಬರು ಒಂದೇ ಷರತ್ತು ಹಾಕಿದರು: ಕಫ ಶುದ್ಧವಾಯಿತೆಂದು ಉದಗೀರದಿಂದ ವರದಿ ಬಂದ ಮೇಲೆಯೇ ಅಕ್ಷತೆ. ಕೆಲವು ತಿಂಗಳಲ್ಲಿ ಬಂತು. ಮದುವೆಯೂ ಆಯಿತು. ಹೋಳಿಗೆ ಉಂಡು, ಜೀಪು ದೂಡಿಕೊಂಡು ಬಂದೆವು.

ನಿಜವಾದ ಚಿಕಿತ್ಸೆ ಶುರುವಾದದ್ದು ಆಮೇಲೆ. ಕೆಮ್ಮು ನಿಂತ ಮೇಲೆ ವೀರಭದ್ರಪ್ಪನಿಗೆ ಗುಳಿಗೆ ಬೇಡವಾಯಿತು. ಅವು ದೊಡ್ಡವು, ಕಹಿ, ಹೊಟ್ಟೆ ತೊಳಸುತ್ತವೆ. ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಹಿತ್ತಲಿನ ಪತ್ರಿಗಿಡದ ಬುಡಕ್ಕೆ ಉಗುಳಿ ಬರುತ್ತಿದ್ದ. ನಾನು ನೋಡಿ ಬರಲು ಹೋಗಿದ್ದ ದಿನವೇ ಸೊಸೆ ಅವನನ್ನು ಹಿಡಿದಳು.

"ಮಾವಾರ, ಪತ್ರಿಗಿಡಕ್ಕ ಕೆಮ್ಮ ಇಲ್ಲ."

"ಕೈ ತಪ್ಪಿ ಬಿತ್ತವ್ವ."

"ಹಂಗಾದ್ರ ಇನ್ನೊಂದ ತಗೋರಿ. ಆಮ್ಯಾಲ ರೊಟ್ಟಿ."

ಅಂಗಡಿಯಲ್ಲಿ ಹತ್ತು ಆಳುಗಳನ್ನು ಗದರಿಸುವ ಮನುಷ್ಯ ಸೊಸೆಯ ಮುಂದೆ ಬಾಯಿ ತೆರೆದು, ನಾಲಿಗೆ ಎತ್ತಿ, ನುಂಗಿದ್ದನ್ನು ತೋರಿಸಿದ. ದಿನವೂ ಹಾಗೆಯೇ ನಡೆಯಿತು. ಮಹಾರಾಷ್ಟ್ರ ಆದ ವರ್ಷ ಅವನ ಗುಳಿಗೆ ಮುಗಿದವು. ಎದೆ ಪೂರಾ ಹಗುರಾಗಿತ್ತು. ಮತ್ತೆ ಮೈ ತುಂಬಿಕೊಂಡು, ಸಂತೆ ಸಂತೆಗೆ ಹೋಗಿ ಸಾರತೊಡಗಿದ:

"ನಮ್ಮ ಸೊಸಿ ಕಾಲ್ಗುಣಾ! ಆಕಿ ಮನಿಗಿ ಕಾಲ ಇಟ್ಟಳು, ನನ್ನ ರೋಗ ಹೊರಗ ಕಾಲ ಇಡ್ತು!"

ಗುಳಿಗೆಯ ಮಾತಿಲ್ಲ. ಮದ್ರಾಸಿನ ಮಾತಿಲ್ಲ. ಮೇಲಿನವರ ಮುಂದೆ ಕೈಕಟ್ಟಿ ನಿಂತ ಸಾಹೇಬರ ಹೆಸರಿಲ್ಲ. ನನಗೆ ಮೈ ಉರಿಯಿತು. ಉದಗೀರದ ಕಚೇರಿಯಲ್ಲಿ ಸಾಹೇಬರಿಗೆ ಹೇಳಿದೆ: "ಇಷ್ಟ ಮಾಡಿದ್ದು ನಾವು. ಈಗ ಎಲ್ಲಾ ಕಾಲ್ಗುಣ ಅಂತ!"

ಸಾಹೇಬರು ಚಹಾ ಕುಡಿಯುತ್ತಿದ್ದರು. "ಜಾನೇ ದೋ, ಸಿಸ್ಟರ್. ದವಾಕ್ಕೆ ಹೆಸರು ಬ್ಯಾಡ, ಹೊಟ್ಟಿಗಿ ಹೋದ್ರ ಸಾಕು."

ಅವರ ಮಾತು ನನಗೆ ಆ ವಾರವೇ ಅರ್ಥವಾಯಿತು. ನಿಲಂಗಾದ ಇನ್ನೊಂದು ಮನೆಯಲ್ಲಿ ಮುದುಕಿಯೊಬ್ಬಳಿಗೆ ಕ್ಷಯ ಹತ್ತಿತ್ತು. ಬಂದ ಸೊಸೆಯ ಕಾಲ್ಗುಣ ಕೆಟ್ಟದೆಂದು ಅವಳನ್ನು ತವರಿಗೆ ಅಟ್ಟಲು ಬಂಡಿ ಕಟ್ಟಿದ್ದರು. ಹುಡುಗಿ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುದುಕಿಯ ಮಗ ನನ್ನನ್ನು ಕೇಳಿದ: "ಬಾಯಾರ, ವೀರಭದ್ರಪ್ಪನವರಿಗಿ ಯಾವುದರಿಂದ ಗುಣಾ ಆತ್ರಿ? ಖರೇ ಹೇಳ್ರಿ."

ನಾನು ಕಲಿತ ನರ್ಸಿಂಗ್ ಪುಸ್ತಕವೆಲ್ಲ ಒಮ್ಮೆ ನೆನಪಾಯಿತು. ಗುಳಿಗೆಯ ಪೊಟ್ಟಣವನ್ನು ಅವನ ಕೈಗೆ ಕೊಡದೆ, ಬಾಗಿಲಲ್ಲಿದ್ದ ಹುಡುಗಿಯ ಕೈಯಲ್ಲಿಟ್ಟೆ.

"ಸೊಸಿ ಕಾಲ್ಗುಣ್ದಿಂದ್ರಿ" ಎಂದೆ. "ಆದ್ರ ಈ ಗುಳಿಗಿ ದಿನಾ ಆಕಿ ಕೈಲಿಂದನ ಹೋಗಬೇಕು. ಆಕಿ ತವರಿಗಿ ಹೋದ್ರ ಗುಳಿಗಿ ಹತ್ತಂಗಿಲ್ಲ."

ಬಂಡಿಯ ಎತ್ತು ಬಿಚ್ಚಿದರು.